ಸಿಜಿಪಿಎ ಎಷ್ಟು ಅಲ್ಲ, ಎಷ್ಟರಲ್ಲಿ ಎಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರಿಸಲ್ಟ್ ಬಂದ ವಾರ ನನ್ನ ಮೇಜಿನ ಮುಂದೆ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರೇ ಜಾಸ್ತಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು, ಪಿಯುಸಿಯಲ್ಲಿ 600ಕ್ಕೆ ಎಷ್ಟು ಎಂದು ಕೇಳಿ ರೂಢಿಯಾದ ಮನೆಗಳಿಗೆ, ಅಂಕದ ಬದಲು ಬರುವ 7.81 ಎಂಬ ಗ್ರೇಡ್ ಸರಾಸರಿ ಏನನ್ನೂ ಹೇಳುವುದಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಅದೇ ಮಕ್ಕಳು ಇನ್ನೊಂದು ಅರ್ಜಿ ಹಿಡಿದು ಬರುತ್ತಾರೆ. ಅದರಲ್ಲಿ ಜಿಪಿಎ, ಅಂದರೆ ಗ್ರೇಡ್ ಪಾಯಿಂಟ್‌ಗಳ ಸರಾಸರಿ, 4ರಲ್ಲಿ ಎಷ್ಟು ಎಂದು ಕೇಳಿರುತ್ತದೆ. ಆಗ ಗೊಂದಲ ದುಪ್ಪಟ್ಟು. ಇಷ್ಟು ವರ್ಷಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಮಗನಿಗೆ 7.8 ಬಂದಿದೆಯಂತೆ. ಇದು ಫಸ್ಟ್ ಕ್ಲಾಸಾ?

10ರ ಅಳತೆಯಲ್ಲಿ 7.8 ಆದರೆ ಧೈರ್ಯವಾಗಿ ಸಿಹಿ ಹಂಚಿ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2015 ಮತ್ತು 2018ರ ಸ್ಕೀಮ್‌ಗಳಲ್ಲಿ, ಅಂದರೆ ಆ ವರ್ಷ ಬಂದ ಪಠ್ಯಕ್ರಮ ಮತ್ತು ನಿಯಮಗಳಲ್ಲಿ, 6.75ರಿಂದ ಫಸ್ಟ್ ಕ್ಲಾಸ್, 7.75ರಿಂದ ಡಿಸ್ಟಿಂಕ್ಷನ್. ಅಂದರೆ ನಿಮ್ಮ ಮಗ ಡಿಸ್ಟಿಂಕ್ಷನ್‌ನಲ್ಲಿ ಇದ್ದಾನೆ.

ಆದರೆ ನೀವು ಮೊದಲು ಕೇಳಬೇಕಾದದ್ದು "ಎಷ್ಟರಲ್ಲಿ 7.8?" ಎಂದು. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರಲಿಲ್ಲ. ಸಂತೆಗೆ ಹೋದವರು ಯಾವ ಊರಿನ ಸೇರು ಎಂದು ಕೇಳಿಯೇ ವ್ಯಾಪಾರ ಮಾಡುತ್ತಿದ್ದರು. ಜಿಪಿಎ ಕೂಡ ಹಾಗೇ. 3.6 ಎಂಬುದು ಅಮೆರಿಕದಲ್ಲಿ ಬಹಳ ಒಳ್ಳೆಯ ಅಂಕ. ಜರ್ಮನಿಯಲ್ಲಿ ಅದು ಹೇಗೋ ಪಾಸಾದ ಅಂಕ. ನಮ್ಮ 10ರ ಅಳತೆಯಲ್ಲಿ ಅದು ಫೇಲ್.

ಗ್ರೇಡ್, ಗ್ರೇಡ್ ಪಾಯಿಂಟ್, ಕ್ರೆಡಿಟ್: ಇವು ಮೂರೂ ಬೇರೆ ಬೇರೆಯಾ?

ಬೇರೆ ಬೇರೆ. ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಒಂದು ಅಕ್ಷರ ಸಿಗುತ್ತದೆ. ಅದು ಗ್ರೇಡ್. ಆ ಅಕ್ಷರಕ್ಕೆ ಒಂದು ಬೆಲೆ ಇರುತ್ತದೆ. ಅದು ಗ್ರೇಡ್ ಪಾಯಿಂಟ್. ಆ ವಿಷಯ ಎಷ್ಟು ದೊಡ್ಡದು, ವಾರಕ್ಕೆ ಎಷ್ಟು ಗಂಟೆ ಪಾಠ ಎಂದು ಹೇಳುವುದು ಕ್ರೆಡಿಟ್. ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ 1 ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ 1 ಕ್ರೆಡಿಟ್.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಚಾಯ್ಸ್ ಬೇಸ್ಡ್ ಕ್ರೆಡಿಟ್ ಪದ್ಧತಿಗೆ ಸೂಚಿಸಿದ್ದು 10 ಪಾಯಿಂಟ್‌ಗಳ ಅಳತೆ. ಓ ಅಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಅಂದರೆ 0. ವಿಟಿಯುವಿನ 2022ರ ಸ್ಕೀಮ್‌ನಲ್ಲಿ 90 ಮತ್ತು ಮೇಲೆ ಬಂದರೆ ಓ. 80ರಿಂದ 89 ಬಂದರೆ ಎ ಪ್ಲಸ್. 70ರ ಮೇಲೆ ಎ, 60ರ ಮೇಲೆ ಬಿ ಪ್ಲಸ್. ಹೀಗೆ ಇಳಿಯುತ್ತಾ 40ರಿಂದ 49ಕ್ಕೆ ಪಿ.

ಇಲ್ಲೊಂದು ಸೂಕ್ಷ್ಮ ಇದೆ. 80 ತೆಗೆದವಳಿಗೂ 89 ತೆಗೆದವಳಿಗೂ ಸಿಗುವುದು ಅದೇ 9. 79 ತೆಗೆದವಳಿಗೆ 8. ಒಂಬತ್ತು ಅಂಕದ ಅಂತರ ಮಾಯವಾಗುತ್ತದೆ, ಒಂದು ಅಂಕದ ಅಂತರ ದೊಡ್ಡದಾಗಿ ಕಾಣುತ್ತದೆ. ಅರ್ಧ ಅಂಕಕ್ಕೆ ಹೊಡೆದಾಡುವುದನ್ನು ತಪ್ಪಿಸಲೆಂದೇ ಗ್ರೇಡ್ ಬಂದಿದ್ದು. ಆದರೆ ಗಡಿಯಲ್ಲಿ ನಿಂತ ಮಕ್ಕಳಿಗೆ ಆ ಹೊಡೆದಾಟ ತಪ್ಪಿಲ್ಲ. 79 ಬಂದ ವಿದ್ಯಾರ್ಥಿ ಮರುಮೌಲ್ಯಮಾಪನಕ್ಕೆ ಹಾಕುವುದರಲ್ಲಿ ಅರ್ಥವಿದೆ. 83 ಬಂದವರು ಸುಮ್ನೆ ದುಡ್ಡು ಕಟ್ಟುವ ಮೊದಲು ಎರಡು ಸಲ ಯೋಚಿಸಿ. 88 ಆದರೂ ಪಾಯಿಂಟ್ ಅದೇ 9.

ಎಸ್‌ಜಿಪಿಎ ಲೆಕ್ಕ ಹಾಕುವುದು ಹೇಗೆ? ಎಲ್ಲ ಪಾಯಿಂಟ್ ಕೂಡಿಸಿ ಭಾಗಿಸಿದರೆ ಸಾಲದಾ?

ಸಾಲದು. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಬೇಕು. ಬಂದದ್ದನ್ನೆಲ್ಲ ಕೂಡಿಸಬೇಕು. ಅದನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ಒಂದು ಸೆಮಿಸ್ಟರ್ ತೆಗೆದುಕೊಂಡು ನೋಡೋಣ.

ಗಣಿತ, 4 ಕ್ರೆಡಿಟ್, 62 ಅಂಕ, ಪಾಯಿಂಟ್ 7. ಗುಣಿಸಿದರೆ 28.
ಡಿಜಿಟಲ್ ಎಲೆಕ್ಟ್ರಾನಿಕ್ಸ್, 4 ಕ್ರೆಡಿಟ್, 74 ಅಂಕ, ಪಾಯಿಂಟ್ 8. ಗುಣಿಸಿದರೆ 32.
ಡೇಟಾ ಸ್ಟ್ರಕ್ಚರ್ಸ್, 3 ಕ್ರೆಡಿಟ್, 81 ಅಂಕ, ಪಾಯಿಂಟ್ 9. ಗುಣಿಸಿದರೆ 27.
ಕಂಪ್ಯೂಟರ್ ಆರ್ಗನೈಸೇಷನ್, 3 ಕ್ರೆಡಿಟ್, 58 ಅಂಕ, ಪಾಯಿಂಟ್ 6. ಗುಣಿಸಿದರೆ 18.
ಲ್ಯಾಬ್, 1 ಕ್ರೆಡಿಟ್, 95 ಅಂಕ, ಪಾಯಿಂಟ್ 10. ಗುಣಿಸಿದರೆ 10.
ಕನ್ನಡ, 1 ಕ್ರೆಡಿಟ್, 92 ಅಂಕ, ಪಾಯಿಂಟ್ 10. ಗುಣಿಸಿದರೆ 10.

ಒಟ್ಟು ಕ್ರೆಡಿಟ್ 16, ಒಟ್ಟು ಮೊತ್ತ 125. ಭಾಗಿಸಿದರೆ 7.81. ಇದು ಎಸ್‌ಜಿಪಿಎ, ಅಂದರೆ ಆ ಒಂದು ಸೆಮಿಸ್ಟರ್‌ನ ಸರಾಸರಿ. ಕ್ರೆಡಿಟ್ ನೋಡದೆ ಆರು ಪಾಯಿಂಟ್‌ಗಳನ್ನು ಕೂಡಿಸಿ ಆರರಿಂದ ಭಾಗಿಸಿದ್ದರೆ 8.33 ಬರುತ್ತಿತ್ತು. ಮಕ್ಕಳು ಮನೆಯಲ್ಲಿ 8.33 ಎಂದು ಹೇಳಿ, ಮಾರ್ಕ್ಸ್ ಕಾರ್ಡ್‌ನಲ್ಲಿ 7.81 ಕಂಡು, ಯೂನಿವರ್ಸಿಟಿಯೇ ತಪ್ಪು ಮಾಡಿದೆ ಎಂದು ನನ್ನ ಬಳಿ ಓಡಿ ಬರುವುದು ಇದಕ್ಕೇ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಲ್ಯಾಬ್‌ನಲ್ಲಿ 10 ತೆಗೆಯುವುದು ಸುಲಭ, ಆದರೆ ಅದರ ತೂಕ 1. ಗಣಿತದಲ್ಲಿ 7 ಇದ್ದದ್ದು 8 ಆದರೆ ಒಂದೇ ಸಲಕ್ಕೆ 4 ಸೇರುತ್ತದೆ. ಓದಲು ಸಮಯ ಕಡಿಮೆ ಇದ್ದಾಗ ಎಲ್ಲಿ ಕೈ ಹಾಕಬೇಕು ಎಂಬುದನ್ನು ಕ್ರೆಡಿಟ್ ಕಾಲಂ ನೋಡಿ ತೀರ್ಮಾನಿಸಿ.

ಹಾಗಾದರೆ ಸಿಜಿಪಿಎ ಅಂದರೆ ಎಲ್ಲ ಎಸ್‌ಜಿಪಿಎಗಳ ಸರಾಸರಿ ಅಲ್ವಾ?

ಹತ್ತಿರ ಹತ್ತಿರ ಹೌದು, ಪೂರ್ತಿ ಅಲ್ಲ. ಸಿಜಿಪಿಎ ಅಂದರೆ ಇಲ್ಲಿಯವರೆಗಿನ ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ. ಇಲ್ಲಿಯೂ ಕ್ರೆಡಿಟ್ ತೂಕ ಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ 20 ಕ್ರೆಡಿಟ್‌ಗೆ 8.0, ಎರಡನೆಯದರಲ್ಲಿ 16 ಕ್ರೆಡಿಟ್‌ಗೆ 7.0 ಬಂದರೆ ಸಿಜಿಪಿಎ 7.5 ಅಲ್ಲ, 7.56.

ಮೊದಲ ವರ್ಷ ಕೈಕೊಟ್ಟಿತು. ಕೊನೆಯ ವರ್ಷ ಚೆನ್ನಾಗಿ ಓದಿ ಮೇಲೆತ್ತಬಹುದಾ?

ಎತ್ತಬಹುದು. ಆದರೆ ಕೊನೆಯ ವರ್ಷದವರೆಗೆ ಕಾಯಬೇಡಿ. ಈ ಪ್ರಶ್ನೆಯನ್ನು ಏಳನೇ ಸೆಮಿಸ್ಟರ್‌ನಲ್ಲಿ ಕೇಳುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ.

ಪದವಿಗೆ ಒಟ್ಟು 160 ಕ್ರೆಡಿಟ್ ಎಂದುಕೊಳ್ಳಿ. 140 ಕ್ರೆಡಿಟ್ ಮುಗಿಯುವಾಗ ನಿಮ್ಮ ಸಿಜಿಪಿಎ 7.4. ಉಳಿದ 20 ಕ್ರೆಡಿಟ್‌ನಲ್ಲಿ ಒಂದು ಅಂಕವೂ ಕೈತಪ್ಪದೆ ಎಲ್ಲದರಲ್ಲೂ 10 ತೆಗೆದಿರಿ. ಆಗಲೂ ಸಿಜಿಪಿಎ 7.73. ಅಷ್ಟು ಕಷ್ಟಪಟ್ಟರೂ 7.75ರ ಗೆರೆ ದಾಟಲಿಲ್ಲ. ಹಳೆಯ ಕ್ರೆಡಿಟ್‌ಗಳ ತೂಕ ಹಾಗೆ ಕೂತಿರುತ್ತದೆ.

ಈಗ ಇನ್ನೊಂದು ಕಡೆಯಿಂದ ನೋಡಿ. ಮೊದಲ ವರ್ಷದ 40 ಕ್ರೆಡಿಟ್‌ನಲ್ಲಿ 6.5 ಬಂದು ಮನಸ್ಸು ಮುದುಡಿದೆ. ಮುಂದಿನ ಮೂರು ವರ್ಷ, 120 ಕ್ರೆಡಿಟ್, ಸರಾಸರಿ 8.5 ಹಿಡಿದರೆ ಕೊನೆಗೆ ಸರಿಯಾಗಿ 8.0. ಹಳ್ಳಿ ಕಡೆಯ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ಎರಡು ಸೆಮಿಸ್ಟರ್ ತಡವರಿಸುವುದನ್ನು ನಾನು ಪ್ರತಿ ಬ್ಯಾಚ್‌ನಲ್ಲಿ ನೋಡುತ್ತೇನೆ. ಅವರಿಗೆ ನಾನು ಈ ಎರಡನೇ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಮೂರನೇ ಸೆಮಿಸ್ಟರ್ ಹೊತ್ತಿಗೆ ಏನೂ ಕೈಮೀರಿ ಹೋಗಿರುವುದಿಲ್ಲ.

ಸಿಜಿಪಿಎಯನ್ನು ಶೇಕಡಾ ಮಾಡುವುದು ಹೇಗೆ? ಒಬ್ಬರು 10ರಿಂದ ಗುಣಿಸಿ ಅಂತಾರೆ, ಒಬ್ಬರು 9.5 ಅಂತಾರೆ, ಇನ್ನೊಬ್ಬರು 0.75 ಕಳೆಯಿರಿ ಅಂತಾರೆ.

ಮೂವರೂ ಹೇಳುವುದು ನಿಜವೇ. ಒಂದೊಂದು ಒಂದೊಂದು ಕಡೆಗೆ ಸೇರಿದ್ದು. ತೊಂದರೆ ಬರುವುದು ಒಂದು ಕಡೆಯದನ್ನು ಇನ್ನೊಂದು ಕಡೆ ಹಾಕಿದಾಗ.

9.5 ಸಿಬಿಎಸ್‌ಇಯದು. 2017ರವರೆಗೆ ಸಿಬಿಎಸ್‌ಇ ಹತ್ತನೇ ತರಗತಿಗೆ ಸಿಜಿಪಿಎ ಕೊಡುತ್ತಿತ್ತು. ಅದನ್ನು 9.5ರಿಂದ ಗುಣಿಸಿದರೆ ಅಂದಾಜು ಶೇಕಡಾ ಸಿಗುತ್ತದೆ ಎಂದು ಮಂಡಳಿಯೇ ಹೇಳಿತ್ತು. ಆಗ 10 ಸಿಜಿಪಿಎ ತಂದ ಮಗುವಿಗೆ 95 ಶೇಕಡಾ. ಅದನ್ನು ಎಂಜಿನಿಯರಿಂಗ್ ಮಾರ್ಕ್ಸ್ ಕಾರ್ಡ್‌ಗೆ ಹಾಕಲು ಬರುವುದಿಲ್ಲ.

0.75 ಕಳೆದು 10ರಿಂದ ಗುಣಿಸುವುದು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ ಪಟ್ಟಿಗೆ ಹೊಂದುತ್ತದೆ. ಆ ಪಟ್ಟಿಯಲ್ಲಿ 6.25 ಅಂದರೆ 55 ಶೇಕಡಾ, 6.75 ಅಂದರೆ 60, 7.25 ಅಂದರೆ 65, 7.75 ಅಂದರೆ 70, 8.25 ಅಂದರೆ 75. ವಿಟಿಯು 2015 ಮತ್ತು 2018ರ ಸ್ಕೀಮ್‌ಗಳಿಗೆ ಇದನ್ನೇ ಇಟ್ಟುಕೊಂಡಿತು. ಫಸ್ಟ್ ಕ್ಲಾಸ್‌ಗೆ 6.75, ಡಿಸ್ಟಿಂಕ್ಷನ್‌ಗೆ 7.75 ಎಂಬ ವಿಚಿತ್ರ ಗೆರೆಗಳು ಎಲ್ಲಿಂದ ಬಂದವು ಎಂಬುದು ಈಗ ಗೊತ್ತಾಯಿತಲ್ಲ. ನಮಗೆ ಹಳೆಯ ಕಾಲದಿಂದ ಪರಿಚಯವಿರುವ 60 ಮತ್ತು 70ರ ಗೆರೆಗಳೇ ಬೇರೆ ಬಟ್ಟೆ ಹಾಕಿಕೊಂಡು ನಿಂತಿವೆ. ಹೈದರಾಬಾದಿನ ಜೆಎನ್‌ಟಿಯು 0.5 ಕಳೆದು 10ರಿಂದ ಗುಣಿಸುತ್ತದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಏನನ್ನೂ ಕಳೆಯದೆ ನೇರವಾಗಿ 10ರಿಂದ ಗುಣಿಸುತ್ತದೆ.

ಕಳೆಯುವುದು ಯಾಕೆ ಎಂದು ಮಕ್ಕಳು ಸಿಟ್ಟಿನಿಂದ ಕೇಳುತ್ತಾರೆ. ತಮ್ಮ ಅಂಕ ಕದ್ದ ಹಾಗೆ ಅವರಿಗೆ ಅನ್ನಿಸುತ್ತದೆ. ಹಾಗಲ್ಲ. 80ರಿಂದ 89ರವರೆಗೆ ಯಾವ ಅಂಕ ಬಂದರೂ ಪಾಯಿಂಟ್ 9. ಆ ಗುಂಪಿನ ನಡುವಿನ ಅಂಕ ಸುಮಾರು 85. 9ನ್ನು ಸೀದಾ 10ರಿಂದ ಗುಣಿಸಿದರೆ 90 ಆಗುತ್ತದೆ. ಆ ಗುಂಪಿನಲ್ಲಿ ಒಬ್ಬರಿಗೂ 90 ಬಂದಿಲ್ಲ! 0.5 ಕಳೆದು ಗುಣಿಸಿದರೆ ಸರಿಯಾಗಿ 85. 0.75 ಕಳೆದರೆ 82.5, ನಡುವಿಗಿಂತ ಸ್ವಲ್ಪ ಬಿಗಿ. ಗ್ರೇಡ್ ಕೊಡುವಾಗ ಮೇಲಕ್ಕೆ ಹೋಗಿ ಕೂತ ಅಂಕವನ್ನು ಸ್ವಲ್ಪ ಕೆಳಗೆ ಇಳಿಸುತ್ತಾರೆ, ಅಷ್ಟೇ.

ಇಷ್ಟೆಲ್ಲ ಆದರೂ ಇದು ಅಂದಾಜೇ. ಒಮ್ಮೆ ಗ್ರೇಡ್ ಆದ ಮೇಲೆ ಮೂಲ ಅಂಕ ಯಾವ ಸೂತ್ರದಿಂದಲೂ ವಾಪಸ್ ಬರುವುದಿಲ್ಲ. ಹಿಟ್ಟಾದ ರಾಗಿಯನ್ನು ಮತ್ತೆ ಕಾಳು ಮಾಡಲಾಗುವುದಿಲ್ಲವಲ್ಲ, ಹಾಗೆ.

ಕೊನೆಗೆ ಒಂದು ಎಚ್ಚರಿಕೆ. ಒಂದೇ ವಿಶ್ವವಿದ್ಯಾಲಯದಲ್ಲಿ ಸ್ಕೀಮ್ ಬದಲಾದಾಗ ಸೂತ್ರವೂ ಬದಲಾಗಬಹುದು. ಅಕ್ಕನ ಸೂತ್ರ ತಮ್ಮನಿಗೆ ಆಗದೆ ಹೋಗಬಹುದು. ನಿಮ್ಮ ಸ್ಕೀಮ್‌ನ ನಿಯಮ ಪುಸ್ತಕದಲ್ಲಿ ಏನಿದೆ ಎಂದು ನೋಡಿ ಅದನ್ನೇ ಹಾಕಿ.

ಬ್ಯಾಂಕ್ ಪರೀಕ್ಷೆಯ ಅರ್ಜಿಯಲ್ಲಿ 59.99 ಬಂದರೆ 60 ಎಂದು ಹಾಕಬಹುದಾ?

ಹಾಕಬೇಡಿ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪ್ರಕಟಣೆಗಳಲ್ಲಿ ಇದನ್ನು ಉದಾಹರಣೆ ಕೊಟ್ಟೇ ಹೇಳಿರುತ್ತಾರೆ: 59.99 ಅಂದರೆ 60ಕ್ಕಿಂತ ಕಡಿಮೆ. ಸಿಜಿಪಿಎ ಇರುವವರು ತಮ್ಮ ವಿಶ್ವವಿದ್ಯಾಲಯದ ಸೂತ್ರದಂತೆ ಶೇಕಡಾ ಮಾಡಿ ಹಾಕಬೇಕು. ಸಂದರ್ಶನದ ಹೊತ್ತಿಗೆ ಆ ಸೂತ್ರಕ್ಕೆ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಪತ್ರ ಕೈಯಲ್ಲಿರಲಿ.

ಐಐಟಿಯಲ್ಲಿ ಓದುವ ಪಕ್ಕದ ಮನೆ ಹುಡುಗನಿಗೆ 7.2, ನಮ್ಮ ಮಗಳಿಗೆ 8.6. ಹಾಗಾದರೆ ನಮ್ಮ ಮಗಳೇ ಮುಂದೆ ಅಲ್ವಾ?

ಇಬ್ಬರ ಅಳತೆಯೂ 10ರದ್ದೇ. ಆದರೂ ಹೋಲಿಸಲು ಬರುವುದಿಲ್ಲ. ನಮ್ಮ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ 90 ಬಂದರೆ ಓ. ತರಗತಿಯಲ್ಲಿ ಎಲ್ಲರಿಗೂ 90 ಬಂದರೆ ಎಲ್ಲರಿಗೂ ಓ. ಐಐಟಿಯಂಥ ಕಡೆ ಹಲವು ಕೋರ್ಸ್‌ಗಳಲ್ಲಿ ಪಕ್ಕದಲ್ಲಿ ಕೂತವರು ಎಷ್ಟು ತೆಗೆದರು ಎಂಬುದರ ಮೇಲೆ ಗ್ರೇಡ್ ನಿಲ್ಲುತ್ತದೆ. ಇದನ್ನು ರಿಲೇಟಿವ್ ಗ್ರೇಡಿಂಗ್ ಎನ್ನುತ್ತಾರೆ. ಪ್ರಶ್ನೆ ಪತ್ರಿಕೆ ಬಹಳ ಕಷ್ಟ ಇದ್ದಾಗ 55 ಅಂಕಕ್ಕೂ ಅತಿ ಮೇಲಿನ ಗ್ರೇಡ್ ಸಿಗಬಹುದು. ಸುಲಭ ಇದ್ದಾಗ 80 ಬಂದವರಿಗೂ ನಡುವಿನ ಗ್ರೇಡ್ ಸಿಗಬಹುದು.

ಮದುವೆ ಮನೆಯಲ್ಲಿ, ನಾಮಕರಣದಲ್ಲಿ ಈ ಸಂಖ್ಯೆಗಳನ್ನು ಪಕ್ಕ ಪಕ್ಕ ಇಟ್ಟು ಮಾತಾಡುವುದನ್ನು ಕೇಳಿದ್ದೇನೆ. ಆ ಮಾತು ಕೇಳಿಸಿಕೊಂಡು ಮೂಲೆಯಲ್ಲಿ ನಿಂತ ಮಗುವಿನ ಮುಖವನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೋಲಿಸಬೇಕೆಂದರೆ ಅದೇ ಕಾಲೇಜು, ಅದೇ ಬ್ರಾಂಚ್, ಅದೇ ಬ್ಯಾಚ್‌ನೊಳಗೆ ಹೋಲಿಸಬಹುದು. ಅದರಾಚೆ ಅದಕ್ಕೆ ಅರ್ಥ ಕಡಿಮೆ.

ಅಮೆರಿಕದ 4ರ ಅಳತೆಗೆ ತರಬೇಕು. 10ರಿಂದ ಭಾಗಿಸಿ 4ರಿಂದ ಗುಣಿಸಿದರೆ ಆಯಿತಲ್ಲ?

ಆಗಲಿಲ್ಲ. ನಾನು ನೋಡಿದ ತಪ್ಪುಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಇದೇ.

ಮೊದಲು ಅಲ್ಲಿನ ಅಳತೆ ನೋಡೋಣ. ಎ ಅಂದರೆ 4, ಬಿ 3, ಸಿ 2, ಡಿ 1, ಎಫ್ 0. ನಡುವೆ ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3. ಕೆಲವೆಡೆ ಇವನ್ನೇ 3.67, 3.33 ಎಂದು ಬರೆಯುತ್ತಾರೆ. ಸಾಮಾನ್ಯವಾಗಿ ಅಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ, 60ರ ಮೇಲೆ ಡಿ. ಅಂದರೆ ಅವರ ಪ್ರಶ್ನೆ ಪತ್ರಿಕೆ, ತಿದ್ದುವ ರೀತಿ ಎಲ್ಲವೂ ಒಳ್ಳೆಯ ವಿದ್ಯಾರ್ಥಿ 90ರ ಮೇಲೆ ಬರುತ್ತಾನೆ ಎಂಬ ಲೆಕ್ಕದಲ್ಲಿ ಇರುತ್ತವೆ.

ನಮ್ಮಲ್ಲಿ? ನಮ್ಮ ವಿಶ್ವವಿದ್ಯಾಲಯಗಳಲ್ಲಿ 60 ಬಂದರೆ ಫಸ್ಟ್ ಕ್ಲಾಸ್. 70 ಬಂದರೆ ಡಿಸ್ಟಿಂಕ್ಷನ್. ಹಳೆಯ ಕಾಲದವರನ್ನು ಕೇಳಿ, ಗಣಿತ ಬಿಟ್ಟು ಬೇರೆ ವಿಷಯದಲ್ಲಿ 75 ತೆಗೆದವರನ್ನು ಊರೆಲ್ಲ ಹೊಗಳುತ್ತಿದ್ದರು. ನಮ್ಮ 72 ಅವರ 72 ಅಲ್ಲ. ಅವರಲ್ಲಿ ಅದು ಸಿ, ನಮ್ಮಲ್ಲಿ ಅದು ಹೆಮ್ಮೆಯ ಅಂಕ.

ಹೀಗಿರುವಾಗ 7.2ನ್ನು 0.4ರಿಂದ ಗುಣಿಸಿದರೆ 2.88 ಬರುತ್ತದೆ. ಅಲ್ಲಿನ ಬಹಳಷ್ಟು ಎಂಎಸ್ ಕೋರ್ಸ್‌ಗಳಿಗೆ ಕನಿಷ್ಠ 3.0 ಕೇಳುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಈ ಲೆಕ್ಕ ಮಾಡಿ, ತನಗೆ ಅರ್ಹತೆಯೇ ಇಲ್ಲವೆಂದು ಒಂದು ವರ್ಷ ಅರ್ಜಿಯನ್ನೇ ಹಾಕಲಿಲ್ಲ. ನನ್ನನ್ನೂ ಕೇಳಲಿಲ್ಲ. ಮರು ವರ್ಷ ಅಧಿಕೃತವಾಗಿ ಮೌಲ್ಯಮಾಪನ ಮಾಡಿಸಿದಾಗ ಅವಳ ಜಿಪಿಎ 3ರ ಮೇಲೆಯೇ ಇತ್ತು. ಆ ಹುಡುಗಿಯ ಒಂದು ವರ್ಷ ಸುಮ್ನೆ ಹೋಯಿತು. ಈ ಪ್ರಶ್ನೋತ್ತರ ಬರೆಯಲು ಕೂತದ್ದು ಬಹುಮಟ್ಟಿಗೆ ಅವಳನ್ನು ನೆನೆದೇ.

ಹಾಗಾದರೆ ಏನು ಮಾಡಬೇಕು? ಬಹಳಷ್ಟು ಅಮೆರಿಕನ್ ವಿಶ್ವವಿದ್ಯಾಲಯಗಳು ಅರ್ಜಿಯಲ್ಲೇ ಹೇಳಿರುತ್ತವೆ: ನೀವು ಪರಿವರ್ತನೆ ಮಾಡಬೇಡಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಇರುವುದನ್ನೇ ಬರೆಯಿರಿ, ಅಳತೆ 10 ಎಂದು ತೋರಿಸಿ. ಹಾಗೇ ಮಾಡಿ. ಭಾರತದ ಅರ್ಜಿಗಳನ್ನು ನೋಡಿ ನೋಡಿ ಅವರಿಗೆ ನಮ್ಮ ಅಳತೆ ಗೊತ್ತು.

ಡಬ್ಲ್ಯುಇಎಸ್ ಅಂತ ಹೇಳುತ್ತಾರಲ್ಲ, ಅದು ಕಡ್ಡಾಯವಾ?

ಎಲ್ಲ ಕಡೆ ಅಲ್ಲ. ವರ್ಲ್ಡ್ ಎಜುಕೇಷನ್ ಸರ್ವಿಸಸ್ ಎಂಬುದು ಬೇರೆ ದೇಶದ ಪದವಿಯನ್ನು ಅಮೆರಿಕ, ಕೆನಡಾಗಳ ಲೆಕ್ಕಕ್ಕೆ ತಂದು ವರದಿ ಕೊಡುವ ಸಂಸ್ಥೆ. ಕೆಲವು ವಿಶ್ವವಿದ್ಯಾಲಯಗಳು ಇಂಥ ವರದಿ ಬೇಕೇ ಬೇಕು ಎನ್ನುತ್ತವೆ, ಕೆಲವು ಬೇಡ ಎನ್ನುತ್ತವೆ. ಕೆನಡಾಕ್ಕೆ ವಲಸೆ ಹೋಗುವವರಲ್ಲಿ ಬಹಳ ಮಂದಿ ಇದನ್ನೇ ಮಾಡಿಸುತ್ತಾರೆ. ಮಾಡಿಸುವುದಾದರೆ ಕೋರ್ಸ್ ಬೈ ಕೋರ್ಸ್ ವರದಿ ಕೇಳಿ. ಜಿಪಿಎ ಸಿಗುವುದು ಅದರಲ್ಲೇ. ಬರೀ ಪದವಿಯ ಸಮಾನತೆ ಹೇಳುವ ವರದಿ ಅಗ್ಗ, ಆದರೆ ಓದಲು ಹೋಗುವವರಿಗೆ ಅದು ಸಾಲದು. ಯಾವುದು ಬೇಕೆಂದು ಮೊದಲು ವಿಶ್ವವಿದ್ಯಾಲಯವನ್ನು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಅಮೆರಿಕದಲ್ಲಿರುವ ಅಣ್ಣನ ಮಗಳಿಗೆ 4.4 ಬಂದಿದೆಯಂತೆ. 4ಕ್ಕೆ 4.4 ಹೇಗೆ ಬರುತ್ತದೆ?

ಅಲ್ಲಿನ ಹೈಸ್ಕೂಲ್‌ಗಳಲ್ಲಿ ಕಷ್ಟದ ಕೋರ್ಸ್ ತೆಗೆದುಕೊಂಡವರಿಗೆ ಹೆಚ್ಚು ತೂಕ ಕೊಡುತ್ತಾರೆ. ಎಪಿ ಎಂಬ ಕೋರ್ಸ್‌ಗಳು ಕಾಲೇಜು ಮಟ್ಟದವು. ಮಾಮೂಲಿ ಕೋರ್ಸ್‌ನಲ್ಲಿ ಎ ಬಂದರೆ 4, ಎಪಿಯಲ್ಲಿ ಎ ಬಂದರೆ ಅನೇಕ ಶಾಲೆಗಳಲ್ಲಿ 5. ಹೀಗೆ ಲೆಕ್ಕ ಹಾಕಿದ್ದಕ್ಕೆ ವೆಯ್ಟೆಡ್ ಜಿಪಿಎ ಎನ್ನುತ್ತಾರೆ. ತೂಕ ಹಾಕದೆ ನೋಡಿದರೆ ಅದೇ ಮಗುವಿನದು 3.9 ಇರಬಹುದು. ಸುಲಭದ ಕೋರ್ಸ್ ಹಿಡಿದು 4.0 ಗಿಟ್ಟಿಸುವವರಿಗಿಂತ ಕಷ್ಟದ್ದನ್ನು ಹಿಡಿದವರಿಗೆ ಅನ್ಯಾಯ ಆಗಬಾರದು ಎಂಬುದು ಇದರ ಉದ್ದೇಶ. ನನಗೆ ಇದು ಒಪ್ಪಿಗೆಯಾಗುವ ಪದ್ಧತಿ. ನಮ್ಮಲ್ಲೂ ಕಷ್ಟದ ಎಲೆಕ್ಟಿವ್ ತೆಗೆದುಕೊಳ್ಳುವ ಮಕ್ಕಳಿಗೆ ಇಂಥದ್ದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ವಿಶ್ವವಿದ್ಯಾಲಯಗಳಲ್ಲೂ ಎಲ್ಲ ಕಡೆ 4ಕ್ಕೆ ನಿಲ್ಲುವುದಿಲ್ಲ. ಸ್ಟ್ಯಾನ್‌ಫರ್ಡ್, ಕಾರ್ನೆಲ್‌ಗಳಲ್ಲಿ ಎ ಪ್ಲಸ್‌ಗೆ 4.3. ಎಂಐಟಿಯಲ್ಲಿ ಎ ಅಂದರೆ 5. ಎಂಐಟಿಯ 4.0 ಅಂದರೆ ಅಲ್ಲಿನ ಬಿ ಸರಾಸರಿ.

ಜರ್ಮನಿಯಲ್ಲಿ 1 ಒಳ್ಳೆಯದಾ, 4 ಒಳ್ಳೆಯದಾ?

1. ಅಲ್ಲಿ ಅಳತೆ ತಲೆಕೆಳಗು. 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಗೆರೆ, 5.0 ಫೇಲ್. ನಮ್ಮ ಅಂಕವನ್ನು ಅಲ್ಲಿಗೆ ತರಲು ಮಾರ್ಪಡಿಸಿದ ಬವೇರಿಯನ್ ಸೂತ್ರ ಬಳಸುತ್ತಾರೆ. ಮಾತಿನಲ್ಲಿ ಹೇಳುತ್ತೇನೆ. ಅತಿ ಹೆಚ್ಚಿನ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಅತಿ ಹೆಚ್ಚಿನ ಅಂಕದಿಂದ ಪಾಸಿನ ಅಂಕ ಕಳೆದರೆ ಬರುವುದರಿಂದ ಭಾಗಿಸಿ. 3ರಿಂದ ಗುಣಿಸಿ, 1 ಕೂಡಿಸಿ.

ಸಿಜಿಪಿಎ 7.2, ಪಾಸಿನ ಗೆರೆ 4 ಎಂದುಕೊಳ್ಳಿ. 10ರಿಂದ 7.2 ಕಳೆದರೆ 2.8. 10ರಿಂದ 4 ಕಳೆದರೆ 6. 2.8ನ್ನು 6ರಿಂದ ಭಾಗಿಸಿ, 3ರಿಂದ ಗುಣಿಸಿದರೆ 1.4. 1 ಕೂಡಿಸಿದರೆ 2.4.

ಈಗ ಪಾಸಿನ ಗೆರೆ 5 ಎಂದು ಇಟ್ಟು ನೋಡಿ. 2.8ನ್ನು 5ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿದರೆ 2.68. ಅದೇ ವಿದ್ಯಾರ್ಥಿ, ಅದೇ 7.2. ಅಲ್ಲಿನ ಅನೇಕ ಮಾಸ್ಟರ್ಸ್ ಕೋರ್ಸ್‌ಗಳು 2.5 ಅಥವಾ ಅದಕ್ಕಿಂತ ಒಳ್ಳೆಯ ಅಂಕ ಕೇಳುತ್ತವೆ. ಮೊದಲ ಲೆಕ್ಕದಲ್ಲಿ ಬಾಗಿಲು ತೆರೆದಿದೆ, ಎರಡನೆಯದರಲ್ಲಿ ಮುಚ್ಚಿದೆ. ಹಾಗಾಗಿ ಪಾಸಿನ ಗೆರೆ ಯಾವುದು ಎಂಬುದೇ ಇಲ್ಲಿ ಮುಖ್ಯ. ಒಂದು ವಿಷಯ ಪಾಸಾಗಲು 4 ಸಾಕು, ಪದವಿ ಸಿಗಲು ಒಟ್ಟು 5 ಬೇಕು ಎನ್ನುವ ವಿಶ್ವವಿದ್ಯಾಲಯಗಳು ಇವೆ. ನಿಮ್ಮ ನಿಯಮ ಪುಸ್ತಕದಲ್ಲಿ ಏನಿದೆಯೋ ಅದನ್ನು ವಿಶ್ವವಿದ್ಯಾಲಯದ ಪತ್ರದೊಂದಿಗೆ ಕೊಡಿ. ನಿಮಗೆ ಅನುಕೂಲ ಎಂದು ಒಂದನ್ನು ಆರಿಸಿಕೊಳ್ಳಬೇಡಿ, ಲೆಕ್ಕ ಹಾಕುವವರು ಅವರೇ.

ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರವೂ ಬೇಕು. ಅದು ನಿಮ್ಮ ದಾಖಲೆ ಅಸಲಿ ಎಂದು ಹೇಳುವ ಪತ್ರ. ಅದಕ್ಕೆ ಸಮಯ ಹಿಡಿಯುತ್ತದೆ, ಬೇಗ ಹಾಕಿ.

ಬೇರೆ ದೇಶಗಳಲ್ಲಿ ಹೇಗೆ?

ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಜಿಪಿಎ ಕೇಳುವುದಿಲ್ಲ, ಕ್ಲಾಸ್ ಕೇಳುತ್ತಾರೆ. 70ರ ಮೇಲೆ ಫಸ್ಟ್, 60ರಿಂದ 69 ಟೂ ಒನ್, 50ರಿಂದ 59 ಟೂ ಟೂ, 40ರಿಂದ 49 ಥರ್ಡ್. ನಮ್ಮ ಅಳತೆ ಅವರದ್ದರಿಂದಲೇ ಬಂದದ್ದು, ಅದಕ್ಕೇ ಅವರ 70 ನಮಗೆ ಪರಿಚಿತ ಅನ್ನಿಸುತ್ತದೆ. ಆದರೆ ನಮ್ಮ ಫಸ್ಟ್ ಕ್ಲಾಸ್ ಅವರ ಫಸ್ಟ್ ಅಲ್ಲ. ನಮ್ಮ ಯಾವ ವಿಶ್ವವಿದ್ಯಾಲಯದ ಎಷ್ಟು ಅಂಕ ಅವರ ಟೂ ಒನ್‌ಗೆ ಸಮ ಎಂಬುದನ್ನು ಪ್ರತಿ ವಿಶ್ವವಿದ್ಯಾಲಯ ತಾನೇ ತೀರ್ಮಾನಿಸುತ್ತದೆ.

ಕೆನಡಾದಲ್ಲಿ ಒಂದೇ ಅಳತೆ ಎಂಬುದೇ ಇಲ್ಲ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ 4, ಸೈಮನ್ ಫ್ರೇಸರ್‌ನಲ್ಲಿ 4.33, ವಿಕ್ಟೋರಿಯಾದಲ್ಲಿ 9, ಮೆಕ್‌ಮಾಸ್ಟರ್‌ನಲ್ಲಿ 12. ಮೆಕ್‌ಮಾಸ್ಟರ್‌ನಲ್ಲಿ ಓದುವ ನಂಟರ ಹುಡುಗ 10 ಬಂತು ಎಂದರೆ ಪೂರ್ತಿಗೆ ಪೂರ್ತಿ ಎಂದುಕೊಳ್ಳಬೇಡಿ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆ 7ರ ಅಳತೆ. ಹೈ ಡಿಸ್ಟಿಂಕ್ಷನ್‌ಗೆ 7, ಪಾಸಿಗೆ 4. ಮೊನಾಶ್‌ನಲ್ಲಿ 4ರ ಅಳತೆ. ಇನ್ನು ಕೆಲವೆಡೆ ಜಿಪಿಎಗಿಂತ ವ್ಯಾಮ್ ಮುಖ್ಯ. ಅದು ಕ್ರೆಡಿಟ್ ತೂಕ ಹಾಕಿದ ಅಂಕಗಳ ಸರಾಸರಿ, 100ಕ್ಕೆ. ನಮ್ಮ ಮನೆಯವರಿಗೆ ಬೇಗ ಅರ್ಥವಾಗುವುದು ಅದೇ.

ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ (ಎನ್‌ಯುಎಸ್) 5ರ ಅಳತೆ. ಫ್ರಾನ್ಸ್‌ನಲ್ಲಿ 20ಕ್ಕೆ, ಪಾಸಿಗೆ 10. ಅಲ್ಲಿ 16 ಬಂದರೆ ಬಹಳ ಚೆನ್ನಾಗಿ ಬಂತು ಎಂದರ್ಥ. ನೆದರ್‌ಲ್ಯಾಂಡ್ಸ್‌ನಲ್ಲಿ ನಮ್ಮ ಹಾಗೆ 10ಕ್ಕೆ, ಆದರೆ 9, 10 ಕೊಡುವುದು ಬಹಳ ಅಪರೂಪ. ಅಲ್ಲಿನ 8 ನೋಡಿ ಮುಖ ಸಣ್ಣ ಮಾಡಿಕೊಳ್ಳಬೇಡಿ. ಡೆನ್ಮಾರ್ಕ್‌ನ ಅಳತೆ 12ರಿಂದ ಶುರುವಾಗಿ 10, 7, 4, 2, 0 ಎಂದು ಇಳಿದು ಮೈನಸ್ 3ಕ್ಕೆ ಮುಗಿಯುತ್ತದೆ. ನಡುವಿನ ಸಂಖ್ಯೆಗಳು ಅಲ್ಲಿ ಇಲ್ಲವೇ ಇಲ್ಲ.

ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯ) ಇದ್ದರೆ ಸಿಜಿಪಿಎ ಮೇಲೆ ಏನಾಗುತ್ತದೆ?

ಎಫ್ ಇರುವವರೆಗೆ ಅದರ ಪಾಯಿಂಟ್ 0. 4 ಕ್ರೆಡಿಟ್‌ನ ವಿಷಯ ಹೋದರೆ ಆ ಸೆಮಿಸ್ಟರ್‌ನ ಸರಾಸರಿ ಜೋರಾಗಿ ಬೀಳುತ್ತದೆ. ಮತ್ತೆ ಬರೆದು ಪಾಸಾದರೆ ಹೊಸ ಪಾಯಿಂಟ್ ಸೇರಿ ಸಿಜಿಪಿಎ ಏರುತ್ತದೆ. ಆದರೆ ಕೆಲವು ಕಂಪನಿಗಳೂ ವಿದೇಶದ ಕೆಲವು ವಿಶ್ವವಿದ್ಯಾಲಯಗಳೂ ಒಟ್ಟು ಎಷ್ಟು ಬ್ಯಾಕ್‌ಲಾಗ್ ಇತ್ತು ಎಂದು ಬೇರೆಯಾಗಿಯೇ ಕೇಳುತ್ತವೆ. ಮುಚ್ಚಿಡಬೇಡಿ.

ಒಬ್ಬ ಏಜೆಂಟ್ "ನಿಮ್ಮ 6.9ನ್ನು 3.6 ಮಾಡಿಕೊಡುತ್ತೇನೆ" ಅಂತಿದ್ದಾರೆ. ಅವರ ಕೈಗೆ ಅರ್ಜಿ ಕೊಡಬಹುದಾ?

ಕೊಡಬೇಡಿ. ಅವರು ಬರೆದ ಸಂಖ್ಯೆಗೆ ಸಹಿ ಹಾಕುವುದು ನೀವು. ಮಾರ್ಕ್ಸ್ ಕಾರ್ಡ್‌ಗೂ ಅರ್ಜಿಗೂ ತಾಳೆಯಾಗದಿದ್ದರೆ ಸೀಟು ಸಿಕ್ಕ ಮೇಲೂ ರದ್ದಾಗಬಹುದು. 6.9 ಅಂದರೆ ಅದು 6.9. ಅದಕ್ಕೆ ತಕ್ಕ ಕೋರ್ಸ್‌ಗಳು ಇವೆ. ಪ್ರಾಜೆಕ್ಟ್, ಶಿಫಾರಸು ಪತ್ರ, ಕೊನೆಯ ಸೆಮಿಸ್ಟರ್‌ಗಳಲ್ಲಿ ಏರಿದ ಅಂಕ, ಎಲ್ಲವನ್ನೂ ನೋಡುವವರು ಇದ್ದಾರೆ.

ಅರ್ಜಿಯ ಜಾಗದಲ್ಲಿ 4ಕ್ಕಿಂತ ಹೆಚ್ಚಿನ ಸಂಖ್ಯೆ ಬರೆಯಲು ಬಿಡುತ್ತಿಲ್ಲ. ಏನು ಹಾಕಲಿ?

ಮೊದಲು ಪಕ್ಕದಲ್ಲಿ ಅಳತೆ ಆರಿಸುವ ಜಾಗ ಇದೆಯೇ ನೋಡಿ. ಬಹಳ ಸಲ ಅದು 4 ಎಂದೇ ಇರುತ್ತದೆ, 10ಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಬರೆದ ಸೂಚನೆ ಓದಿ. ಖಾಲಿ ಬಿಡಿ ಎಂದೋ 0 ಹಾಕಿ ಎಂದೋ ಅದರಲ್ಲಿ ಇರಬಹುದು. ಅಲ್ಲೂ ಇಲ್ಲದಿದ್ದರೆ ಪ್ರವೇಶ ಕಚೇರಿಗೆ ಎರಡು ಸಾಲಿನ ಇಮೇಲ್ ಕಳಿಸಿ. ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡುವಾಗ ಹಿಂಬದಿಯೂ ಬೇಕಾ?

ಬೇಕು. ಗ್ರೇಡ್‌ಗಳ ಅರ್ಥ, ಪಾಯಿಂಟ್‌ಗಳು, ಕೆಲವೊಮ್ಮೆ ಶೇಕಡಾ ಸೂತ್ರ ಇರುವುದು ಅಲ್ಲೇ. ಮುಂಬದಿ ಮಾತ್ರ ಕಳಿಸಿದರೆ ಅಲ್ಲಿ ಕೂತವರಿಗೆ ಬಿ ಪ್ಲಸ್ ಅಂದರೆ 7 ಎಂದು ಗೊತ್ತಾಗುವುದು ಹೇಗೆ? ನಮ್ಮ ವಿದ್ಯಾರ್ಥಿಯೊಬ್ಬನ ಅರ್ಜಿ ಈ ಒಂದು ಹಾಳೆಗಾಗಿ ಮೂರು ವಾರ ನಿಂತಿತ್ತು. ಹಿಂಬದಿಯಲ್ಲಿ ಏನೂ ಅಚ್ಚಾಗಿರದಿದ್ದರೆ ನಿಯಮ ಪುಸ್ತಕದ ಗ್ರೇಡ್ ಪುಟವನ್ನು ಕಾಲೇಜಿನ ಸೀಲ್ ಹಾಕಿಸಿ ಜೊತೆಗೆ ಇಡಿ.